ಪದಚರ್ಚೆ: ಕಾರಿನ ಹೊಟ್ಟೆಯಡಿಯ ತಗಡಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ನಿಜ ಹೇಳಬೇಕೆಂದರೆ ಎರಡು. ಕಾರಿನ ಇಂಜಿನ್ ಕೆಳಗೆ, ನೆಲಕ್ಕೆ ಮುಖ ಮಾಡಿಕೊಂಡು ಒಂದು ಹಾಳೆ ಇರುತ್ತದಲ್ಲ, ಅದನ್ನು ಇಂಗ್ಲಿಷಿನಲ್ಲಿ ಅಂಡರ್‌ಟ್ರೇ ಅನ್ನುತ್ತಾರೆ. ಅದಕ್ಕೆ ಒಂದು ಪದ. ಅದೇ ಜಾಗದಲ್ಲಿ ಕೂರುವ, ಆದರೆ ಬೇರೆಯೇ ಕೆಲಸ ಮಾಡುವ ಸಂಪ್ ಗಾರ್ಡ್‌ಗೆ ಇನ್ನೊಂದು. ಸಂಪ್ ಅಂದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ. ಎರಡಕ್ಕೂ ಒಂದೇ ಹೆಸರು ಸಾಕು ಅಂತ ನಾನೂ ಅಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದಕ್ಕೆ ಹನ್ನೆರಡೂವರೆ ಕೆಜಿ ಕಬ್ಬಿಣ ಕೊಂಡೆ. ಆ ಕತೆ ಮೊದಲು.

ನನ್ನದು ಟರ್ಬೊ ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಯಾವ ಕಂಪನಿ ಅನ್ನುವುದು ಇಲ್ಲಿ ಬೇಡ. ಬಿರುಸಾಗಿ ಓಡಿಸುವ ಹುಚ್ಚು ನನಗೆ ಸ್ವಲ್ಪ ಜಾಸ್ತಿ. ವರ್ಷಕ್ಕೆ ಒಂದೆರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ರೇಸ್ ಟ್ರ್ಯಾಕಿಗೆ ಹೋಗುತ್ತೇನೆ. ಅದಕ್ಕಾಗಿಯೇ ಸ್ಪ್ರಿಂಗ್ ಬದಲಿಸಿ ಕಾರನ್ನು 30 ಮಿಲಿಮೀಟರ್ ತಗ್ಗಿಸಿದ್ದೆ. ಟ್ರ್ಯಾಕಿನಲ್ಲಿ ಅದು ಸೊಗಸು. ಬೆಂಗಳೂರಿನ ಗಲ್ಲಿಯಲ್ಲಿ ಪ್ರಾಣಸಂಕಟ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಸಾಧಾರಣ ಹಂಪ್ ಅಂದರೆ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುವ ಬೆನ್ನು. ನಮ್ಮ ಬೀದಿಯದು ಯಾರೋ ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಕಟ್ಟಿದ ಬದು. ಒಂದು ದಿನ ಅದರ ಮೇಲೆ ಅಡಿ ಹೊಡೆಯಿತು. ಕಾರಿನ ಜೊತೆ ಬಂದಿದ್ದ ಪ್ಲಾಸ್ಟಿಕ್ ಹಾಳೆ ಎರಡು ತುಂಡಾಯಿತು.

ಇಲ್ಲೊಂದು ಅಡ್ಡಮಾತು. ಈ ‘ಅಡಿ ಹೊಡೆಯಿತು’ ಅನ್ನುವುದನ್ನು ಗಮನಿಸಿದ್ದೀರಾ? ಅಡುಗೆಮನೆಯಲ್ಲಿ ಪಾಯಸ ‘ಅಡಿ ಹಿಡಿಯುತ್ತದೆ’, ರಸ್ತೆಯಲ್ಲಿ ಕಾರು ‘ಅಡಿ ಹೊಡೆಯುತ್ತದೆ’. ಏಟು ತಿಂದದ್ದು ಅಡಿ. ಆದರೂ ಮಾತಿನಲ್ಲಿ ಹೊಡೆಯುವುದು ಅಡಿಯೇ. ಇದರ ಬಗ್ಗೆ ಬೇರೆ ಯಾವಾಗಲಾದರೂ ಮಾತಾಡೋಣ.

ಹೊಸ ಹಾಳೆ ನಾನೇ ಮಾಡುತ್ತೇನೆ ಅಂತ ಹೊರಟೆ. ಕಾರನ್ನು ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಕೆಳಗೆ ಮಲಗಿಕೊಂಡು, ಫ್ರಿಜ್ ಬಂದಿದ್ದ ಪೆಟ್ಟಿಗೆಯ ರಟ್ಟನ್ನು ಕತ್ತರಿಸುತ್ತಾ ಅಳತೆ ಕೂಡಿಸಿದೆ. ಟೈಲರ್ ಬಟ್ಟೆಗೆ ಮುಂಚೆ ಕಾಗದ ಕತ್ತರಿಸುತ್ತಾರಲ್ಲ, ಹಾಗೆ. ಎರಡು ಭಾನುವಾರ ಹಿಡಿಯಿತು. ಸುಮಾರು ಒಂದು ಮೀಟರ್ ಅಗಲ, 80 ಸೆಂಟಿಮೀಟರ್ ಉದ್ದ. ರಟ್ಟು ತೆಗೆದುಕೊಂಡು ಹತ್ತಿರದ ಫ್ಯಾಬ್ರಿಕೇಷನ್ ಅಂಗಡಿಗೆ ಹೋದೆ. ‘ಅಣ್ಣ, ಕಾರಿನ ಕೆಳಗೆ ಒಂದು ಗಾರ್ಡ್ ಬೇಕು, ಇದೇ ಅಳತೆಗೆ’ ಅಂದೆ. ರಟ್ಟು ಕೊಟ್ಟು ಬಂದೆ.

ಮರುದಿನ ಸಂಜೆ ಹೋದರೆ 14 ಗೇಜಿನ ಎಂಎಸ್ ಶೀಟ್, ಅಂದರೆ ಹತ್ತಿರ ಹತ್ತಿರ 2 ಮಿಲಿಮೀಟರ್ ದಪ್ಪದ ಕಬ್ಬಿಣ. ಶೀಟೊಂದೇ ಹನ್ನೆರಡೂವರೆ ಕೆಜಿ. ಸಾಲದು ಅಂತ ಅಡಿಯಲ್ಲಿ 25 ಮಿಲಿಮೀಟರಿನ ಎಲ್ ಆಕಾರದ ಆಂಗಲ್ ಪಟ್ಟಿ ಎರಡು ಬೆಸುಗೆ ಹಾಕಿದ್ದರು. ನನ್ನ ಮುಖ ನೋಡಿ ಅವರಿಗೇ ಅಚ್ಚರಿ. ‘ಗಾರ್ಡ್ ಅಂದ್ರಲ್ಲ ಸಾರ್? ಇದರ ಮೇಲೆ ಟ್ರ್ಯಾಕ್ಟರ್ ಹತ್ತಿಸಿದ್ರೂ ಏನೂ ಆಗಲ್ಲ’ ಅಂದರು.

ಅವರದೇನೂ ತಪ್ಪಿಲ್ಲ. ತಪ್ಪು ನನ್ನ ಪದದ್ದು. ಅವರಿಗೆ ಗಾರ್ಡ್ ಅಂದರೆ ಗಿಡದ ಸುತ್ತ ನಿಲ್ಲಿಸುವ ಟ್ರೀ ಗಾರ್ಡ್, ಲಾರಿಯ ಬಂಪರಿನ ಮುಂದಿನ ಗಾರ್ಡ್. ಏಟು ತಡೆಯುವಂಥದ್ದು. ನನ್ನ ತಲೆಯಲ್ಲಿ ಇದ್ದದ್ದು ಮಡ್‌ಗಾರ್ಡಿನ ಗಾರ್ಡ್. ಅದು ಏಟು ತಡೆಯುವುದಿಲ್ಲ, ಕೆಸರು ತಡೆಯುತ್ತದೆ. ಒಂದೇ ‘ಗಾರ್ಡ್’ ಎರಡು ಕಡೆಗೆ ಎಳೆಯುತ್ತದೆ.

ಮಾಡಿಸಿದ್ದೇನೋ ಆಯಿತು ಅಂತ ಅದನ್ನೇ ಹಾಕಿ ಎರಡು ದಿನ ಓಡಿಸಿದೆ. ಕೆಳಗೆ ಇಳಿದಿದ್ದ ಆಂಗಲ್‌ನಿಂದಾಗಿ ಕಾರು ಇನ್ನೂ ತಗ್ಗಾಯಿತು. ಹಿಂದೆ ತಾಗದಿದ್ದ ಹಂಪ್‌ಗಳೂ ತಾಗತೊಡಗಿದವು. ಅಡಿ ಉಳಿಸಲು ಹಾಕಿದ ವಸ್ತುವೇ ಅಡಿ ಹೊಡೆಸಿತು. ಆಮೇಲೆ ಆಯಿಲ್ ಬದಲಿಸಲು ಹೋದರೆ ಡ್ರೈನ್ ಬೋಲ್ಟ್‌ಗೆ ದಾರಿಯೇ ಇಲ್ಲ.

ಈಗ ಇವೆರಡರ ಕೆಲಸದ ಬಗ್ಗೆ ಸ್ವಲ್ಪ. ಪದ ಹುಡುಕಲು ಇದು ಬೇಕು. ಸಂಪ್ ಗಾರ್ಡಿನ ಕೆಲಸ ಕಲ್ಲಿನ ಏಟು ತಿನ್ನುವುದು, ಆ ಏಟನ್ನು ಗಾಡಿಯ ಚೌಕಟ್ಟಿಗೆ ದಾಟಿಸುವುದು. ಚಿಕ್ಕಮಗಳೂರಿನ ಕಾಫಿ ತೋಟದ ದಾರಿಗಳಲ್ಲಿ ಓಡುವ ರ‍್ಯಾಲಿ ಕಾರುಗಳ ಕೆಳಗೆ ಇರುವುದು ಇದೇ. ದಪ್ಪ, ಗಟ್ಟಿ, ಮೈ ತುಂಬ ಗೀರು. ಅಂಡರ್‌ಟ್ರೇ ಹಾಗಲ್ಲ. ಅದರ ಮೊದಲ ಕೆಲಸ ಗಾಳಿಯದ್ದು. ಕಾರಿನ ಅಡಿ ಅಂದರೆ ಪೈಪು, ಬೋಲ್ಟು, ಗುಂಡಿ, ಉಬ್ಬು. ಅಲ್ಲಿ ನುಗ್ಗಿದ ಗಾಳಿ ಗೋಜಲಾಗಿ ಕಾರನ್ನು ಹಿಂದಕ್ಕೆ ಎಳೆಯುತ್ತದೆ. ಒಂದು ನುಣುಪಾದ ಹಾಳೆ ಇದ್ದರೆ ಗಾಳಿ ಸಲೀಸಾಗಿ ಹಿಂದಕ್ಕೆ ಜಾರುತ್ತದೆ. ಜೊತೆಗೆ ಬೆಲ್ಟು, ಆಲ್ಟರ್ನೇಟರ್ ಮೇಲೆ ಮಳೆನೀರು, ಸಣ್ಣ ಜಲ್ಲಿ ಹಾರದ ಹಾಗೆ ನೋಡಿಕೊಳ್ಳುತ್ತದೆ. ಹಾಗಂತ ಪೂರ್ತಿ ಮುಚ್ಚುವ ಹಾಗೂ ಇಲ್ಲ. ಮುಂದಿನಿಂದ ರೇಡಿಯೇಟರ್ ದಾಟಿ ಬಂದ ಬಿಸಿಗಾಳಿ ಕೆಳಗಿನಿಂದಲೇ ಹೊರಗೆ ಹೋಗಬೇಕು. ಟರ್ಬೊ ಗಾಡಿಯಲ್ಲಂತೂ ಬಿಸಿ ಇನ್ನೂ ಜಾಸ್ತಿ. ಹಾಗಾಗಿ ಹಿಂದಿನ ಅಂಚು ತೆರೆದಿರಬೇಕು.

ಎರಡನೇ ಸಲ ‘ಗಾರ್ಡ್’ ಅನ್ನದೆ, ಕೈಯಲ್ಲೇ ಆಡಿಸಿ ತೋರಿಸಿದೆ. 2 ಮಿಲಿಮೀಟರ್ ಅಲ್ಯುಮಿನಿಯಂ, 5052 ಗ್ರೇಡ್. ಮೊದಲು 6061 ತರೋಣ ಅಂದುಕೊಂಡಿದ್ದೆ. ಅದು ಗಟ್ಟಿ ಹೌದು, ಆದರೆ ಚೂಪಾಗಿ ಮಡಚಿದರೆ ಮಡಿಕೆಯಲ್ಲೇ ಬಿರುಕು ಬಿಡುತ್ತದೆ. 5052 ಹೇಳಿದ ಹಾಗೆ ಬಗ್ಗುತ್ತದೆ. ಅಂಗಡಿಗಳ ಮುಂಭಾಗಕ್ಕೆ ಹೊಡೆಯುವ ಎಸಿಪಿ ಶೀಟಿನಲ್ಲೂ ಮಾಡುವವರಿದ್ದಾರೆ. ಅಗ್ಗ, ನುಣುಪು. ಆದರೆ ಅದರ ಎರಡು ಅಲ್ಯುಮಿನಿಯಂ ಪದರಗಳ ನಡುವೆ ಇರುವುದು ಸಾಮಾನ್ಯವಾಗಿ ಪಾಲಿಎಥಿಲೀನ್, ಬಿಸಿಗೆ ಕರಗುವ ಪ್ಲಾಸ್ಟಿಕ್. ಎಕ್ಸಾಸ್ಟ್ ಪೈಪಿನ ಪಕ್ಕ ಅದನ್ನು ಇಡಲು ನನಗೆ ಧೈರ್ಯ ಬರಲಿಲ್ಲ. ಅಲ್ಯುಮಿನಿಯಂದು ನಾಲ್ಕು ಕೆಜಿ ಚಿಲ್ಲರೆ ಬಂತು. ಎರಡು ತುಂಡು ಮಾಡಿಸಿ, ಮಂಗಳೂರು ಹಂಚು ಹೊದಿಸುವ ಹಾಗೆ ಒಂದರ ಅಂಚು ಇನ್ನೊಂದನ್ನು ಮುಚ್ಚುವಂತೆ ಕೂರಿಸಿದೆ. ಮುಂದಿನ ತುಂಡು ಕೆಳಗೆ, ಹಿಂದಿನದು ಅದರ ಮೇಲೆ. ಉಲ್ಟಾ ಮಾಡಿದರೆ ಗಾಳಿ ಸಂದಿಗೆ ಬೆರಳು ಹಾಕಿ ಕಿತ್ತುಬಿಡುತ್ತದೆ. ಡ್ರೈನ್ ಬೋಲ್ಟ್ ಕೆಳಗೆ ಒಂದು ಸಣ್ಣ ಬಾಗಿಲು. ಗಡಗಡ ಸದ್ದಿಗೆ ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಹಾಕಿದೆ.

ಸರಿ, ಪದಕ್ಕೆ ಬರೋಣ.

ಸಂಪ್ ಗಾರ್ಡ್ ಅಂತಲೇ ಇಟ್ಟುಕೊಳ್ಳಬಹುದಲ್ವಾ ಅನ್ನಬಹುದು. ಬೆಂಗಳೂರಿನಲ್ಲಿ ಒಮ್ಮೆ ಹಾಗೆ ಹೇಳಿ ನೋಡಿ. ಸಂಪು ಅಂದರೆ ಇಲ್ಲಿ ಮನೆ ಮುಂದಿನ ನೆಲದೊಳಗಿನ ನೀರಿನ ತೊಟ್ಟಿ. ನಮ್ಮಮ್ಮ ‘ಸಂಪಿಗೆ ಮುಚ್ಚಳ ಇದೆಯಲ್ಲೋ, ಇನ್ನೇನು ಗಾರ್ಡು?’ ಅಂದರು. ಮೆಕ್ಯಾನಿಕ್‌ಗಳು ಆಯಿಲ್ ತುಂಬಿರುವ ಆ ತೊಟ್ಟಿಗೆ ಸಂಪ್ ಅನ್ನುವುದು ಕಮ್ಮಿ, ‘ಚೇಂಬರ್’ ಅನ್ನುತ್ತಾರೆ. ‘ಕಲ್ಲು ಹೊಡೆದು ಚೇಂಬರ್ ಒಡೆದೋಯ್ತು’ ಅನ್ನುವುದು ಗ್ಯಾರೇಜಿನ ನಿತ್ಯದ ಮಾತು. ಅದರ ಕೆಳಗಿನದು ‘ಚೇಂಬರ್ ಗಾರ್ಡ್’. ಮಜಾ ಅಂದರೆ ಚೇಂಬರ್ ಕೂಡ ಮನೆಯದ್ದೇ. ಒಳಚರಂಡಿ ಕಟ್ಟಿಕೊಂಡಾಗ ಮುಚ್ಚಳ ತೆಗೆದು ಕೋಲು ಹಾಕುತ್ತೇವಲ್ಲ, ಅದು. ಹೀಗೆ ಕಾರಿನ ಒಂದೇ ಭಾಗಕ್ಕೆ ಎರಡು ಹೆಸರು. ಒಂದು ಮನೆಗೆ ನೀರು ಬರುವ ಜಾಗ, ಇನ್ನೊಂದು ಹೋಗುವ ಜಾಗ. ಇಂಗ್ಲಿಷಿನ ಸಂಪ್ ಕೂಡ ಮೂಲದಲ್ಲಿ ಜೌಗು ನೆಲ ಎಂಬ ಅರ್ಥದ್ದು. ನೀರು ಬಂದು ನಿಲ್ಲುವ ತಗ್ಗು. ಆ ಲೆಕ್ಕದಲ್ಲಿ ಎರಡೂ ಸರಿಯೇ.

ಎರವಲು ಪದಗಳ ಬಗ್ಗೆ ನನಗೆ ಮಡಿ ಇಲ್ಲ. ಸ್ಟೆಪ್ನಿ ಅನ್ನುತ್ತೇವೆ. ಅದು ವೇಲ್ಸ್‌ನ ಲ್ಯಾನೆಲ್ಲಿ ಊರಿನ ಒಂದು ಬೀದಿಯ ಹೆಸರು. 1904ರಲ್ಲಿ ಅಲ್ಲಿ ಹೆಚ್ಚುವರಿ ಚಕ್ರ ಮಾಡಿ ಮಾರತೊಡಗಿದರು, ಬೀದಿಯ ಹೆಸರು ಚಕ್ರಕ್ಕೆ ಅಂಟಿತು. ಡಿಕ್ಕಿ ಅನ್ನುತ್ತೇವೆ. ನಮ್ಮಲ್ಲಿ ಮಾತ್ರ ಡಿಕ್ಕಿಗೆ ಡಿಕ್ಕಿ ಹೊಡೆಯಬಹುದು. ಅಂಡರ್‌ಟ್ರೇ ಕೂಡ ಹಾಗೇ ಉಳಿದರೆ ನನಗೇನೂ ಬೇಜಾರಿಲ್ಲ. ತೊಂದರೆ ಬೇರೆ. ಟ್ರೇ ಅಂದರೆ ನಮಗೆ ಕಾಫಿ ಲೋಟ ಇಡುವುದು, ಮೊಟ್ಟೆ ಜೋಡಿಸುವುದು. ಇದರ ಮೇಲೆ ಏನೂ ಇರಬಾರದು. ನನ್ನದರ ಮೇಲೆ ಇತ್ತು, ಅದು ಬೇರೆ ಮಾತು. ಹೊಂಗೆ ಮರದ ಕೆಳಗೆ ಗಾಡಿ ನಿಲ್ಲಿಸುತ್ತೇನೆ. ಎರಡು ತಿಂಗಳಿಗೆ ಬಿಚ್ಚಿ ನೋಡಿದರೆ ಒಣ ಎಲೆ, ಹೂವು, ಮಣ್ಣು, ಅದರ ಮೇಲೆ ತೊಟ್ಟಿಕ್ಕಿದ ಆಯಿಲ್. ಬಿಸಿ ಎಕ್ಸಾಸ್ಟ್ ಪಕ್ಕ ಅಂಥದ್ದು ಇರಲೇಬಾರದು. ಈಗ ತಿಂಗಳಿಗೊಮ್ಮೆ ಬಿಚ್ಚಿ ಕೊಡವುತ್ತೇನೆ.

ಅವತ್ತು ಅದನ್ನು ಕೈಯಲ್ಲಿ ಹಿಡಿದು ಎಲೆ ಕೊಡವುವಾಗ ಹೊಳೆಯಿತು. ಮೂರು ಕಡೆ ಅಂಚು ಎದ್ದು, ಒಂದು ಕಡೆ ತೆರೆದ ಈ ಆಕಾರ ಥೇಟ್ ಮೊರ. ‘ಅಡಿಮೊರ’ ಅನ್ನೋಣವೇ? ಮನೆಯಲ್ಲಿ ಎಲ್ಲರೂ ನಕ್ಕರು. ನನಗೆ ಈಗಲೂ ಇಷ್ಟವೇ.

ಅನುಮಾನ ಇಲ್ಲದೆ ಬಿಟ್ಟವು: ರಕ್ಷಾಕವಚ, ತಳರಕ್ಷಕ. ಇವನ್ನು ಗ್ಯಾರೇಜಿನಲ್ಲಿ ಹೇಳಿ ಮುಖ ಉಳಿಸಿಕೊಂಡು ಬರಲು ಆಗದು. ‘ಅಡಿತಗಡು’ ಚೆನ್ನಾಗಿತ್ತು. ವ್ಯಾಕರಣ ಬಲ್ಲ ಗೆಳೆಯರೊಬ್ಬರು ಆದೇಶ ಸಂಧಿ ತಂದು ‘ಅಡಿದಗಡು’ ಆಗಬೇಕು ಅಂದರು, ಬೆಟ್ಟದಾವರೆಯ ಹಾಗೆ. ಬೆಳಗಾವಿಯ ಇನ್ನೊಬ್ಬರು ಬಿದ್ದು ಬಿದ್ದು ನಕ್ಕರು. ಮರಾಠಿಯಲ್ಲಿ ದಗಡ ಅಂದರೆ ಕಲ್ಲಂತೆ. ಕಲ್ಲು ತಡೆಯಲು ಹೋಗಿ ಕಲ್ಲನ್ನೇ ಕಟ್ಟಿಕೊಂಡ ಹಾಗಾಯಿತು. ಅದೂ ಅಲ್ಲದೆ ತಗಡು ಅನ್ನುವುದು ಈಗ ಬೈಗುಳ. ಪ್ರೀತಿಯ ಗಾಡಿಗೆ ಯಾರು ಕಟ್ಟುತ್ತಾರೆ?

‘ತಳಹಲಗೆ’ಗೂ ಒಂದು ತೊಡಕಿದೆ. ಹಲಗೆ ಎಂಬ ಅರ್ಥದ್ದೇ ಪದ ಫಾರ್ಮುಲಾ ಒನ್‌ನಲ್ಲಿ ಬೇರೆ ವಸ್ತುವಿಗಿದೆ. 1994ರಲ್ಲಿ ಇಟಲಿಯ ಇಮೋಲ ರೇಸಿನಲ್ಲಿ ಚಾಲಕರು ಸತ್ತ ನಂತರ ಕಾರುಗಳ ಹೊಟ್ಟೆಯಡಿ 10 ಮಿಲಿಮೀಟರ್ ದಪ್ಪದ ಹಲಗೆ ಕಡ್ಡಾಯ ಮಾಡಿದರು. ಅದು ಕಾಪಾಡಲು ಅಲ್ಲ, ಅಳೆಯಲು. ಕಾರು ತೀರಾ ನೆಲಕ್ಕೆ ಅಂಟಿಕೊಂಡು ಓಡಿದರೆ ಹಲಗೆ ಸವೆಯುತ್ತದೆ. ಒಂದು ಮಿಲಿಮೀಟರಿಗಿಂತ ಜಾಸ್ತಿ ಸವೆದರೆ ಔಟ್. ಅದೇ ವರ್ಷ ಬೆಲ್ಜಿಯಂನಲ್ಲಿ ಗೆದ್ದ ಶುಮಾಕರ್ ಹೀಗೇ ಗೆಲುವು ಕಳೆದುಕೊಂಡರು. 2023ರಲ್ಲಿ ಆಸ್ಟಿನ್‌ನಲ್ಲಿ ಹ್ಯಾಮಿಲ್ಟನ್, ಲೆಕ್ಲೇರ್ ಇಬ್ಬರೂ ಇದೇ ಕಾರಣಕ್ಕೆ ಔಟ್ ಆದರು. ಹಲಗೆ ಎಂಬ ಪದವನ್ನು ಅದಕ್ಕೇ ಬಿಟ್ಟುಬಿಡೋಣ ಅಂತ ನನ್ನ ಅನಿಸಿಕೆ.

ಕೊನೆಗೆ ನನ್ನ ಕೈಯಲ್ಲಿ ಉಳಿದವು ಎರಡು. ಅಂಡರ್‌ಟ್ರೇಗೆ ‘ಅಡಿಹೊದಿಕೆ’. ಹೊದಿಕೆ ಗಾಳಿ, ಚಳಿ, ಹನಿ ತಡೆಯುತ್ತದೆ. ಅದನ್ನು ಹೊದ್ದುಕೊಂಡು ದೊಣ್ಣೆ ಏಟು ತಿನ್ನಲು ಯಾರೂ ಹೋಗುವುದಿಲ್ಲ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಹೊದಿಕೆ ಅಂದಿದ್ದರೆ ಅವರು 14 ಗೇಜ್ ಕಬ್ಬಿಣ ತೆಗೆಯುತ್ತಿರಲಿಲ್ಲ. ಸಂಪ್ ಗಾರ್ಡ್‌ಗೆ ‘ಲಾಳ’. ಎತ್ತಿಗೆ, ಕುದುರೆಗೆ ಹೊಡೆಯುವ ಲಾಳ ನೆಲದ ಏಟು ತಾನು ತಿಂದು ಸವೆಯುತ್ತದೆ, ಸವೆದಾಗ ಬದಲಿಸುತ್ತೇವೆ. ರ‍್ಯಾಲಿಯ ಗಾರ್ಡ್ ಮಾಡುವುದೂ ಅಷ್ಟೇ. ಆದರೆ ಇದಕ್ಕೊಂದು ಗಟ್ಟಿ ಆಕ್ಷೇಪ ಬಂದಿದೆ. ಲಾಳ ಪಾದದ್ದು, ಇದು ಹೊಟ್ಟೆಯದ್ದು, ಕಾರಿಗೆ ಪಾದ ಅಂದರೆ ಟೈರು ಅಂತ. ಉತ್ತರ ಹೊಳೆದಿಲ್ಲ. ಚಪ್ಪಲಿಯ ‘ಅಟ್ಟೆ’ಗೂ ಅದೇ ಆಕ್ಷೇಪ ಅನ್ವಯಿಸುತ್ತದೆ.

ಹಾಗಾಗಿ ತಿಳಿದವರನ್ನು ಕೇಳುವುದು ಇಷ್ಟು. ಎತ್ತಿನ ಬಂಡಿಯ ತಳಕ್ಕೆ, ಇಲ್ಲವೇ ದಡಕ್ಕೆ ಎಳೆಯುವಾಗ ಮರಳಿಗೆ ಉಜ್ಜುವ ದೋಣಿಯ ತಳಕ್ಕೆ ಹೊಡೆಯುತ್ತಿದ್ದ ಪಟ್ಟಿಗೆ ನಿಮ್ಮ ಕಡೆ ಹೆಸರಿತ್ತೇ? ಕುದುರೆ ಹೊಟ್ಟೆಯ ಸುತ್ತ ಬಿಗಿಯುವ ಪಟ್ಟಿಗೆ ಏನನ್ನುತ್ತಾರೆ? ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆಯ ಗ್ಯಾರೇಜುಗಳಲ್ಲೂ ಚೇಂಬರ್ ಗಾರ್ಡೇ ನಡೆಯುತ್ತದೆಯೇ?

ಸ್ವಲ್ಪ ಬೇಗ ತಿಳಿಸಿದರೆ ಒಳ್ಳೆಯದು. ಫ್ಯಾಬ್ರಿಕೇಷನ್ ಅಂಗಡಿಯವರು ಬಿಲ್‌ನಲ್ಲಿ ‘ಕಾರ್ ಅಡಿ ಶೀಟ್’ ಅಂತ ಬರೆದುಕೊಟ್ಟಿದ್ದರು. ಸರಳವಾಗಿದೆ, ಇದೇ ಇರಲಿ ಅಂತ ನಾನೂ ಒಪ್ಪಿಕೊಂಡಿದ್ದೆ. ಮೊನ್ನೆ ಗೆಳೆಯರಿಬ್ಬರು ತಮಗೂ ಬೇಕು ಅಂದರು. ಫೋನ್ ಮಾಡಿ ‘ಅಣ್ಣ, ಎರಡು ಅಡಿ ಶೀಟ್ ಬೇಕಿತ್ತು’ ಅಂದೆ. ‘ಎರಡು ಅಡಿ ಸಾಲಲ್ಲ ಸಾರ್, ಹೋದ್ಸಲನೇ ಮೂರು ಅಡಿ ಮೇಲೆ ಬಂದಿತ್ತು’ ಅಂದರು.