ಬಿದ್ದುಹೋದವರನ್ನು ಆದಿಸಭೆ ಯಾವ ಲೆಕ್ಕದಲ್ಲಿ ಮತ್ತೆ ಸೇರಿಸಿಕೊಂಡಿತು?

ಪ್ರಶ್ನೆ: ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ (ಪಶ್ಚಾತ್ತಾಪಕ್ಕೆ) ತರುವುದು ಅಸಾಧ್ಯ, ಅವರು ದೇವಕುಮಾರನನ್ನು ತಾವೇ ಮತ್ತೆ ಶಿಲುಬೆಗೆ ಹಾಕುತ್ತಾರಲ್ಲ ಅನ್ನುತ್ತೆ ಬೈಬಲಿನ ಇಬ್ರಿಯರಿಗೆ 6:4–6. ಆದರೆ ರೋಮಿನ ಡೀಸಿಯಸ್ ಚಕ್ರವರ್ತಿಯ ಹಿಂಸೆಯಲ್ಲಿ ವಿಶ್ವಾಸ ಬಿಟ್ಟವರನ್ನು ಉತ್ತರ ಆಫ್ರಿಕದ ಕಾರ್ತೇಜಿನ ಸಭೆ ಮತ್ತೆ ಸೇರಿಸಿಕೊಂಡಿತಲ್ಲ, ಹೇಗೆ?

ಉತ್ತರ 1: ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಕ್ರಿ.ಶ. 250ರಲ್ಲಿ ಪ್ರತಿಯೊಬ್ಬರೂ ಅಧಿಕಾರಿಗಳ ಎದುರು ಬಲಿ ಅರ್ಪಿಸಿ, ಬಲಿಮಾಂಸ ರುಚಿ ನೋಡಿ, ಸಹಿ ಹಾಕಿಸಿದ ಚೀಟಿ ಪಡೆಯಬೇಕಿತ್ತು. ಈಜಿಪ್ಟಿನಲ್ಲಿ ಅಂಥ ಪಪೈರಸ್ ಚೀಟಿಗಳು ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಒಂದರಲ್ಲಿ ಅರ್ಜಿದಾರನ ವಯಸ್ಸು 72, ಬಲಹುಬ್ಬಿನ ಮೇಲೆ ಗಾಯದ ಗುರುತು ಅಂತಿದೆ (ನಮ್ಮ ಶಾಲೆಯ ಟಿ.ಸಿ.ಯಲ್ಲಿ ಮಚ್ಚೆ ಬರೆಯುವ ಹಾಗೆ!). ಕ್ರೈಸ್ತರಲ್ಲಿ ಕೆಲವರು ಬಲಿಯನ್ನೇ ಕೊಟ್ಟರು, ಕೆಲವರು ಧೂಪ ಮಾತ್ರ ಹಾಕಿದರು, ಇನ್ನು ಕೆಲವರು ದುಡ್ಡು ಕೊಟ್ಟು ಬರೀ ಚೀಟಿ ಮಾಡಿಸಿಕೊಂಡರು.

251ರಲ್ಲಿ ಕಾರ್ತೇಜಿನ ಬಿಷಪ್ ಸಿಪ್ರಿಯನ್ ಕರೆದ ಕೂಟ ಚೀಟಿಯವರನ್ನು ಒಬ್ಬೊಬ್ಬರಾಗಿ ವಿಚಾರಿಸಿ ಸೇರಿಸಿಕೊಳ್ಳಲು ಒಪ್ಪಿತು. ಬಲಿ ಕೊಟ್ಟವರು ಪ್ರಾಯಶ್ಚಿತ್ತದಲ್ಲೇ ಇರಬೇಕು, ಸಾಯುವ ಹೊತ್ತಿಗೆ ಅವರಿಗೂ ಕ್ಷಮೆ. ಗಟ್ಟಿಯಾಗಿದ್ದಾಗ ಸುಮ್ಮನಿದ್ದು ಹಾಸಿಗೆ ಹಿಡಿದ ಮೇಲೆ ಬೇಡಿದವರಿಗೆ ಅದೂ ಇಲ್ಲ. ಆಮೇಲೆ ಇನ್ನೊಂದು ಹಿಂಸೆಯ ಸುಳಿವು ಸಿಕ್ಕಾಗ, ಪಶ್ಚಾತ್ತಾಪ ಬಿಡದೆ ಬಾಗಿಲಲ್ಲಿ ಕಾದಿದ್ದವರನ್ನೆಲ್ಲ ಒಳಗೆ ಕರೆದರು. ಕರ್ತನ ಪಾತ್ರೆಯನ್ನೇ ಕೊಡದೆ, ಕರ್ತನಿಗಾಗಿ ರಕ್ತ ಸುರಿಸು ಅಂತ ಯಾವ ಬಾಯಲ್ಲಿ ಹೇಳುವುದು?

ಉತ್ತರ 2: ಎಡವಟ್ಟಾದದ್ದು ಎರಡು ಕಡೆ. ವಿಶ್ವಾಸ ಬಿಡದೆ ಸೆರೆಮನೆ ಸೇರಿದ್ದ ಸಾಕ್ಷಿಗಳು ಬಿದ್ದವರಿಗೆ ಶಿಫಾರಸು ಪತ್ರ ಬರೆದುಕೊಟ್ಟರು: "ಇವನನ್ನೂ ಇವನ ಕಡೆಯವರನ್ನೂ ಸೇರಿಸಿಕೊಳ್ಳಿ." ಕಡೆಯವರು ಅಂದರೆ ಎಷ್ಟು ಜನ? ಇಪ್ಪತ್ತೋ ಮೂವತ್ತೋ ಬಂದು ನಿಲ್ಲುತ್ತಾರೆ ಅಂತ ಸಿಪ್ರಿಯನ್ ತಕರಾರು. ಅತ್ತ ರೋಮಿನಲ್ಲಿ ನೊವೇಷಿಯನ್ ಅನ್ನುವ ಪಾದ್ರಿ ಬಿದ್ದವರಲ್ಲಿ ಯಾರನ್ನೂ ಸೇರಿಸಬಾರದು ಅಂತ ಹಟ ಹಿಡಿದು ಬೇರೆ ಸಭೆಯನ್ನೇ ಕಟ್ಟಿದ. 325ರಲ್ಲಿ ನೈಸೀಯ ಕೂಟದ 11ನೇ ನಿಯಮ ಇನ್ನೂ ನಿಖರ: ಬಲವಂತವಿಲ್ಲದೆ ಬಿದ್ದವರು 3 ವರ್ಷ ವಾಕ್ಯ ಕೇಳುವವರ ಸಾಲಿನಲ್ಲಿ, 7 ವರ್ಷ ಸಾಷ್ಟಾಂಗ ಬೀಳುವವರ ಸಾಲಿನಲ್ಲಿ, 2 ವರ್ಷ ಪ್ರಾರ್ಥನೆಗೆ ಮಾತ್ರ. ಆಮೇಲೆಯೇ ಕರ್ತನ ಭೋಜನ.

ಉತ್ತರ 3: ವಚನದ ವಿಷಯ ಉಳಿಯಿತು. ಗ್ರೀಕಿನಲ್ಲಿ "ಶಿಲುಬೆಗೆ ಹಾಕು" ಅನ್ನುವ ಕ್ರಿಯಾಪದ ವರ್ತಮಾನದಲ್ಲಿದೆ. ಹಾಗಾಗಿ "ಹಾಕುತ್ತಲೇ ಇರುವವರೆಗೆ" ಅಂತ ಕೆಲವರು ಓದುತ್ತಾರೆ. ನನಗೆ ಇದು ಸ್ವಲ್ಪ ಎಳೆದ ಅರ್ಥ ಅನಿಸುತ್ತೆ. ನಾಲ್ಕನೇ ಶತಮಾನದ ಬಿಷಪರಾದ ಕ್ರಿಸೊಸ್ತೊಮ್, ಆಂಬ್ರೋಸ್ ಹೇಳಿದ್ದು ಬೇರೆ: ಅಸಾಧ್ಯವಾದದ್ದು ಎರಡನೇ ದೀಕ್ಷಾಸ್ನಾನ, ಪಶ್ಚಾತ್ತಾಪ ಅಲ್ಲ. ಕಥೋಲಿಕರಲ್ಲಿ ಈಗಲೂ ತಿರುಗಿ ಬಂದವರಿಗೆ ಮತ್ತೆ ಸ್ನಾನ ಮಾಡಿಸುವುದಿಲ್ಲ. ಪಾಪನಿವೇದನೆ ಮಾಡಿ ಪರಮಪ್ರಸಾದಕ್ಕೆ ಬರುತ್ತಾರೆ.