10ನೇ ತರಗತಿಯ ಗಣಿತಕ್ಕೆ ಕ್ಯಾಲ್ಕುಲೇಟರ್ ಅನುಮತಿ: ಕೇಳಿದವರು, ಕೇಳದವರು ಅನುಭವ ತಿಳಿಸಿ

ಪ್ರಶ್ನೆ: ಮಗಳು ಸಿಬಿಎಸ್‌ಇ 9ನೇ ತರಗತಿ. ಡಿಸ್ಕ್ಯಾಲ್ಕುಲಿಯ (ಸಂಖ್ಯೆ, ಲೆಕ್ಕ ಕಲಿಯಲು ಕಷ್ಟವಾಗುವ ತೊಂದರೆ) ಇದೆ. ಮುಂದಿನ ವರ್ಷ ಕ್ಯಾಲ್ಕುಲೇಟರ್ ಕೇಳೋಣವೇ, ಗಣಿತವನ್ನೇ ಬಿಡಿಸೋಣವೇ?

ಮೈಸೂರಿನ ತಾಯಿ: ಕೇಳುವುದು ಸುಲಭ, ಕಾಗದ ಕೂಡಿಸುವುದು ಕಷ್ಟ. ಮಗನಿಗೆ ಒಂಬತ್ತು ವರ್ಷವಿದ್ದಾಗ ಈ ತೊಂದರೆ ಇದೆಯೆಂಬ ಪ್ರಮಾಣಪತ್ರ ಮಾಡಿಸಿದ್ದೆ. ಹದಿನಾಲ್ಕಕ್ಕೆ ಮತ್ತೆ ತಪಾಸಣೆಯಾಗಬೇಕೆಂದು ಯಾರೂ ಹೇಳಲಿಲ್ಲ. 2022ರಲ್ಲಿ ಖಾಸಗಿಯಲ್ಲಿ 14,000 ರೂಪಾಯಿ ಸುರಿದು ತಂದ ವರದಿಯನ್ನು ಶಾಲೆ ಒಪ್ಪಲಿಲ್ಲ. ಸರ್ಕಾರಿ ಆಸ್ಪತ್ರೆಗೆ ನಾಲ್ಕು ಸಲ ಅಲೆದೆ. ಮೂರನೆಯ ಸಲ ಸಹಿ ಇತ್ತು, ಮೊಹರು ಇರಲಿಲ್ಲ. ಆ ಮೊಹರಿಗಾಗಿ ಇನ್ನೊಂದು ದಿನದ ಸಂಬಳ ಹೋಯಿತು.

ಹುಬ್ಬಳ್ಳಿಯ ತಂದೆ: ನಾವು ಯಾರ ಮುಂದೆಯೂ ಕೈಯೊಡ್ಡಲಿಲ್ಲ. ಬೆಳಿಗ್ಗೆ ಐದೂವರೆಗೆ ಎಬ್ಬಿಸಿ ಮಗ್ಗಿ ಹೇಳಿಸಿದೆ, ಎರಡು ವರ್ಷ. 43 ಬಂತು. ಸ್ವಂತ 43! ಗುಂಡಿ ಒತ್ತಿ ತೆಗೆದ 70 ಯಾರಿಗೆ ಬೇಕು?

ಮೈಸೂರಿನ ತಾಯಿ: ಐದೂವರೆಗೆ ಆ ಹುಡುಗ ಎಷ್ಟು ಅಳುತ್ತಿದ್ದ ಎಂಬುದನ್ನೂ ಬರೆಯಿರಿ ಸರ್.

ಬೆಂಗಳೂರಿನ ತಂದೆ: ನಾವು ಗಣಿತ ಬಿಡಿಸಿ ಚಿತ್ರಕಲೆ ಕೊಡಿಸಿದೆವು. ಮನೆಯಲ್ಲಿ ನೆಮ್ಮದಿ ಬಂತು. ಆದರೆ 11ಕ್ಕೆ ವಾಣಿಜ್ಯ ಕೇಳಿದಾಗ ಎರಡು ಕಾಲೇಜುಗಳು ಬಾಗಿಲಲ್ಲೇ ತಡೆದವು.

ಹಳೆಯ ವಿದ್ಯಾರ್ಥಿನಿ: ಕ್ಯಾಲ್ಕುಲೇಟರ್ ಹಿಡಿದು ಪರೀಕ್ಷೆ ಬರೆದವಳು ನಾನು. ಅನುಮತಿ ಇರುವುದು ಸಾದಾ ಕ್ಯಾಲ್ಕುಲೇಟರ್‌ಗೆ ಮಾತ್ರ. ವರ್ಷವಿಡೀ ಮೊಬೈಲಿನಲ್ಲಿ ಅಭ್ಯಾಸ ಮಾಡಿ, ಹಿಂದಿನ ಸಂಜೆ 150 ರೂಪಾಯಿಯದೊಂದನ್ನು ಕೊಂಡಿದ್ದೆ. 2+3×4 ಒತ್ತಿದರೆ ಮೊಬೈಲು 14 ಎನ್ನುತ್ತಿತ್ತು, ಇದು 20 ಎಂದಿತು. ಕೆಟ್ಟಿದೆಯೆಂದು ಹೆದರಿ ಎಲ್ಲವನ್ನೂ ಎರಡೆರಡು ಸಲ ಒತ್ತಿದೆ. ಹೆಚ್ಚುವರಿಯಾಗಿ ಸಿಕ್ಕ ಒಂದು ಗಂಟೆ ಅಲ್ಲೇ ಕರಗಿತು. ಭಿನ್ನರಾಶಿಯ ಉತ್ತರ 0.6666666 ಎಂದು ಬಂದಾಗ ಅದು ಮೂರನೇ ಎರಡು ಎಂದು ಹೊಳೆಯಲೇ ಇಲ್ಲ. ಸಮೀಕರಣ ಹೂಡುವುದು, ಹಂತ ಬರೆಯುವುದು ಎಲ್ಲ ನನ್ನದೇ. 58 ಬಂತು. ಅದೂ ಸ್ವಂತದ್ದೇ, ಸರ್.

ಹುಬ್ಬಳ್ಳಿಯ ತಂದೆ: 20 ಸರಿಯಾಗಿಯೇ ಇದೆಯಲ್ಲ! ಎರಡಕ್ಕೆ ಮೂರು ಕೂಡಿದರೆ ಐದು, ಐದು ನಾಲ್ಕಲೆ ಇಪ್ಪತ್ತು. ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ.

ಹಳೆಯ ವಿದ್ಯಾರ್ಥಿನಿ: ಮೊದಲು ಗುಣಾಕಾರ, ಆಮೇಲೆ ಸಂಕಲನ.

ಹುಬ್ಬಳ್ಳಿಯ ತಂದೆ: ಯಾವ ಅಂಗಡಿಯಲ್ಲಿ?

ಮೈಸೂರಿನ ತಾಯಿ: ನಿಮ್ಮ ಮಗನನ್ನೇ ಕೇಳಿ ಸರ್. 43 ತೆಗೆದವನಲ್ಲವೇ.

ಪ್ರಶ್ನೆ ಕೇಳಿದವರು: ಮೇಡಂ, ಆ ಮೊಹರು ಯಾವ ಕೌಂಟರಿನಲ್ಲಿ ಹಾಕುತ್ತಾರೆ?