ಅಪ್‌ಡೇಟ್: ಗಿಟಾರಿನಲ್ಲಿ ಮುತ್ತಿನ ಚಿಪ್ಪಿನ ತಲೆಬುರುಡೆ ಕುಸುರಿ
ನನ್ನ ಗಿಟಾರಿನ ಬೀಟೆಮರದ ಫ್ರೆಟ್‌ಬೋರ್ಡಿನಲ್ಲಿ (ತಂತಿಗಳನ್ನು ಬೆರಳಿನಿಂದ ಒತ್ತುವ ಪಟ್ಟಿಯಲ್ಲಿ) ತಲೆಬುರುಡೆಯ ಚಿತ್ರ ಕೂರಿಸಲು ಯಾವ ವಸ್ತು ಸೂಕ್ತವೆಂದು ಹಿಂದೆ ಕೇಳಿದ್ದೆ. ಮುತ್ತಿನ ಚಿಪ್ಪನ್ನೇ ಆರಿಸಿಕೊಂಡೆ; ಈಗ ಕೆಲಸ ಮುಗಿದಿದೆ. ಕುಶಲಕರ್ಮಿಯು 12ನೆಯ ಫ್ರೆಟ್ಟಿನ (ಬೋರ್ಡಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಯ) ಬಳಿ ಚಿಪ್ಪಿನ ಆಕಾರಕ್ಕೆ ಸರಿಯಾಗಿ ಮರವನ್ನು ತೋಡಿ, ಬೀಟೆಯ ಪುಡಿ ಬೆರೆಸಿದ ಎಪಾಕ್ಸಿ ಅಂಟಿನಿಂದ ಅದನ್ನು ಕೂರಿಸಿ, ಬೋರ್ಡಿನ ಬಾಗಿಗೆ ತಕ್ಕಂತೆ ಉಜ್ಜಿದ ನಂತರವೇ ಹಲ್ಲುಗಳ ಗೆರೆ ಕೊರೆದು ಕಪ್ಪು ಬಣ್ಣ ತುಂಬಿದರು. ಮೊದಲೇ ಕೊರೆದಿದ್ದರೆ ಉಜ್ಜುವಾಗ ಆ ಗೆರೆಗಳು ಅಳಿಸಿಹೋಗುತ್ತಿದ್ದವು. ಕಣ್ಣಿನ ಗುಳಿಗಳಲ್ಲಿ ಚಿಪ್ಪಿಲ್ಲ, ಬೀಟೆಯೇ ಕಾಣುತ್ತದೆ. ನನಗೆ ಅತ್ಯಂತ ಮೆಚ್ಚುಗೆಯಾದದ್ದು ಇದೇ.

ಇದು ಅಪಶಕುನವಲ್ಲವೇ ಎಂದು ಕೆಲವರು ಕೇಳಿದ್ದರು. ಮೆಟಾಲಿಕಾ ಎಂಬ ಹೆವಿ ಮೆಟಲ್ ಸಂಗೀತ ತಂಡದ ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ಅವರ ಇಎಸ್‌ಪಿ ಕಂಪನಿಯ ಗಿಟಾರಿನ ಬುರುಡೆಗಳನ್ನು ಕಂಡು ಈ ಆಸೆ ಹುಟ್ಟಿತಾದರೂ, ರುಂಡಮಾಲೆ ಧರಿಸಿದ ಶಿವನಿಗೆ ಕೈಮುಗಿಯುವ ನಮಗೆ ಬುರುಡೆ ಅಪರಿಚಿತವೇನಲ್ಲ. ಚಿಪ್ಪಿನ ಪುಡಿ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ, ಸ್ವತಃ ಮಾಡುವವರು ಮಾಸ್ಕ್ ಧರಿಸಲೇಬೇಕು.